ನಿರ್ಮಾಣ ಕಾಮಗಾರಿಗಳಲ್ಲಿ ಮೇಲ್ವೆಚ್ಚದ ಅಂದಾಜು: ಅರ್ಜಿದಾರರಿಗೆ ಮಾಹಿತಿ

ಪೀಣ್ಯ, ವೈಟ್‌ಫೀಲ್ಡ್ ಹಾಗೂ ಎಲೆಕ್ಟ್ರಾನಿಕ್ ಸಿಟಿ ಪ್ರದೇಶಗಳಲ್ಲಿ ಕಾರ್ಖಾನೆ, ಗೋದಾಮು ಅಥವಾ ಕಚೇರಿ ಕಟ್ಟಡ ನಿರ್ಮಿಸಲು ಉದ್ದೇಶಿಸಿರುವವರು ಏಕಗವಾಕ್ಷಿ ಅನುಮೋದನೆ ಅಥವಾ ಬ್ಯಾಂಕ್ ಸಾಲ ಕೋರಿ ಸಲ್ಲಿಸುವ ಯೋಜನಾ ವರದಿಯಲ್ಲಿ ಕಟ್ಟಡದ ಅಂದಾಜು ವೆಚ್ಚವನ್ನು ನಮೂದಿಸಬೇಕಾಗುತ್ತದೆ. ಮೇಲ್ವೆಚ್ಚವನ್ನು ಕಡಿಮೆ ತೋರಿಸಿದಲ್ಲಿ, ಮಂಜೂರಾದ ಸಾಲವು ಮುಗಿದ ನಂತರವೂ ಕಟ್ಟಡವು ಅಪೂರ್ಣವಾಗಿ ಉಳಿಯುವ ಸಂಭವವಿರುತ್ತದೆ.

1. ಮೇಲ್ವೆಚ್ಚ ಎಂದರೇನು?

ಸಿಮೆಂಟ್, ಕಬ್ಬಿಣ, ಕೂಲಿ ಮತ್ತು ಯಂತ್ರಗಳ ಬಾಡಿಗೆ ನೇರ ವೆಚ್ಚಗಳಾಗಿವೆ. ಕಾಮಗಾರಿಯ ಯಾವುದೇ ಒಂದು ಬಾಬಿಗೆ ಸೇರಿಸಲಾಗದ, ಆದರೆ ಕಾಮಗಾರಿ ನಡೆಯಲು ಅವಶ್ಯವಾದ ಖರ್ಚುಗಳೇ ಮೇಲ್ವೆಚ್ಚ. ಇದರಲ್ಲಿ ಎರಡು ವಿಧಗಳಿವೆ:

ಅ) ನಿವೇಶನದ ಮೇಲ್ವೆಚ್ಚ: ಇಂಜಿನಿಯರ್ ಮತ್ತು ಮೇಲ್ವಿಚಾರಕರ ಸಂಬಳ, ಕಾವಲು, ತಾತ್ಕಾಲಿಕ ವಿದ್ಯುತ್ ಸಂಪರ್ಕ, ಕಾರ್ಮಿಕರ ಶೆಡ್, ವಿಮೆ.

ಆ) ಕೇಂದ್ರ ಕಚೇರಿಯ ಮೇಲ್ವೆಚ್ಚ: ಗುತ್ತಿಗೆದಾರರ ಕಚೇರಿ ಬಾಡಿಗೆ, ಲೆಕ್ಕಪತ್ರ ಸಿಬ್ಬಂದಿ ಮುಂತಾದ ವಾರ್ಷಿಕ ಖರ್ಚಿನಲ್ಲಿ ಈ ಕಾಮಗಾರಿಯ ಪಾಲು.

2. ಶೇಕಡಾವಾರು ಪದ್ಧತಿ

ಕೇಂದ್ರ ಲೋಕೋಪಯೋಗಿ ಇಲಾಖೆಯ ದರ ವಿಶ್ಲೇಷಣೆಯಲ್ಲಿ ಗುತ್ತಿಗೆದಾರರ ಲಾಭ ಮತ್ತು ಮೇಲ್ವೆಚ್ಚಗಳೆರಡಕ್ಕೂ ಸೇರಿ ಶೇ. 15ನ್ನು ಕೂಡಿಸಲಾಗುತ್ತದೆ. ಇಂತಹ ದರಪಟ್ಟಿಯನ್ನು ಬಳಸಿದಲ್ಲಿ ಮೇಲ್ವೆಚ್ಚವು ದರದಲ್ಲಿಯೇ ಅಡಕವಾಗಿರುವುದರಿಂದ ಅದನ್ನು ಮತ್ತೊಮ್ಮೆ ಸೇರಿಸಬಾರದು.

3. ತಿಂಗಳವಾರು ಪದ್ಧತಿ

ನಿವೇಶನದ ಮೇಲ್ವೆಚ್ಚವು ಬಹುಮಟ್ಟಿಗೆ ಕೆಲಸದ ಪ್ರಮಾಣಕ್ಕಿಂತ ಕಾಲಾವಧಿಯನ್ನು ಅವಲಂಬಿಸುತ್ತದೆ. ಕೆಲಸ ನಿಂತರೂ ಕಾವಲುಗಾರರ ಸಂಬಳ ನಿಲ್ಲುವುದಿಲ್ಲ. ಉದಾಹರಣೆಗೆ, ನೇರ ವೆಚ್ಚ 2 ಕೋಟಿ ರೂ. ಹಾಗೂ ಅವಧಿ 10 ತಿಂಗಳು ಎಂದು ಭಾವಿಸಿದಲ್ಲಿ:

ಸಿಬ್ಬಂದಿ ಸಂಬಳ: ರೂ. 90,000
ಕಾವಲು: ರೂ. 40,000
ವಿದ್ಯುತ್ ಮತ್ತು ಡೀಸೆಲ್: ರೂ. 30,000
ಶೆಡ್ ಬಾಡಿಗೆ: ರೂ. 15,000
ಇತರೆ: ರೂ. 25,000
ತಿಂಗಳಿಗೆ ಒಟ್ಟು: ರೂ. 2,00,000

ಹತ್ತು ತಿಂಗಳಿಗೆ 20 ಲಕ್ಷ ರೂ., ಅಂದರೆ ನೇರ ವೆಚ್ಚದ ಶೇ. 10. ಕಾಮಗಾರಿಯು ನಾಲ್ಕು ತಿಂಗಳು ವಿಳಂಬವಾದಲ್ಲಿ ಇದು 28 ಲಕ್ಷ ರೂ., ಅಂದರೆ ಶೇ. 14 ಆಗುತ್ತದೆ. ಆದುದರಿಂದ ಶೇಕಡಾವಾರು ಮೊತ್ತವನ್ನು ತಿಂಗಳವಾರು ಲೆಕ್ಕದೊಡನೆ ತಾಳೆ ನೋಡುವುದು ಸೂಕ್ತ.

4. ಈ ಪ್ರದೇಶಗಳಲ್ಲಿ ಗಮನಿಸಬೇಕಾದ ಅಂಶಗಳು

ಅ) ಸಾಗಣೆ: ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡುಬಂದ ಕಾರಣ 2021ರ ಡಿಸೆಂಬರ್‌ನಿಂದ 2024ರ ಜುಲೈವರೆಗೆ ಅಲ್ಲಿ ಭಾರಿ ವಾಹನಗಳಿಗೆ ಅವಕಾಶವಿರಲಿಲ್ಲ. ಇಂತಹ ನಿರ್ಬಂಧಗಳಿಂದ ಸಾಮಗ್ರಿಗಳು ತಡವಾಗಿ ಬಂದು ಅವಧಿ ಹೆಚ್ಚುತ್ತದೆ.

ಆ) ನೀರು: 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ನಿರ್ಮಾಣ ಕಾಮಗಾರಿಗೆ ಕುಡಿಯುವ ನೀರಿನ ಬಳಕೆಯನ್ನು ನಿಷೇಧಿಸಿತು. ಸಂಸ್ಕರಿಸಿದ ನೀರಿನ ಟ್ಯಾಂಕರ್ ಹಾಗೂ ಸಂಗ್ರಹಣಾ ತೊಟ್ಟಿಯ ಖರ್ಚನ್ನು ಅಂದಾಜಿನಲ್ಲಿ ಸೇರಿಸುವುದು ಅವಶ್ಯ.

5. ಪ್ರತ್ಯೇಕವಾಗಿ ತೋರಿಸಬೇಕಾದ ಬಾಬುಗಳು

ಜಿಎಸ್‌ಟಿ, ಕಟ್ಟಡ ಕಾರ್ಮಿಕರ ಕಲ್ಯಾಣ ಸೆಸ್, ನಕ್ಷೆ ಮಂಜೂರಾತಿ ಶುಲ್ಕ ಮತ್ತು ಅನಿರೀಕ್ಷಿತ ವೆಚ್ಚಗಳನ್ನು ಮೇಲ್ವೆಚ್ಚದೊಳಗೆ ಬೆರೆಸದೆ ಬೇರೆ ಬೇರೆಯಾಗಿ ನಮೂದಿಸುವುದು.

6. ಅರ್ಜಿ ಸಲ್ಲಿಸುವ ಮುನ್ನ

ಅಂದಾಜು ಪಟ್ಟಿಯಲ್ಲಿ ಬಳಸಿದ ದರಪಟ್ಟಿಯ ವರ್ಷ, ಕಾಮಗಾರಿಯ ಅವಧಿ ಮತ್ತು ಮೇಲ್ವೆಚ್ಚದ ತಿಂಗಳವಾರು ವಿವರಗಳು ಇರುವುದನ್ನು ಖಚಿತಪಡಿಸಿಕೊಳ್ಳುವುದು. ಗುತ್ತಿಗೆದಾರರು ಮೇಲ್ವೆಚ್ಚವನ್ನು ಒಂದೇ ಸಾಲಿನಲ್ಲಿ ತೋರಿಸಿದ್ದಲ್ಲಿ ಅದರ ವಿಂಗಡಣೆಯನ್ನು ಲಿಖಿತವಾಗಿ ಪಡೆಯುವುದು. ವಿಳಂಬವಾದಲ್ಲಿ ಹೆಚ್ಚುವರಿ ಮೇಲ್ವೆಚ್ಚವನ್ನು ಯಾರು ಭರಿಸಬೇಕೆಂಬುದನ್ನು ಕರಾರು ಪತ್ರದಲ್ಲಿ ಸ್ಪಷ್ಟಪಡಿಸಿಕೊಳ್ಳುವುದು.