ನಾಯಿಗೆ ಸ್ನಾನ, ಚರ್ಮಕ್ಕೆ ರಕ್ಷಣೆ: ಸೊಲ್ಲಾಪುರ–ಅಕ್ಕಲಕೋಟೆ ಭಾಗದ ಸಾಕಣೆದಾರರಿಗೆ ಮಾಹಿತಿ

ಅಕ್ಕಲಕೋಟೆಯ ಭಕ್ತರು ಪೂಜಿಸುವ ದತ್ತಾತ್ರೇಯನ ಚಿತ್ರದಲ್ಲಿ ನಾಲ್ಕು ನಾಯಿಗಳಿವೆ. ಸೊಲ್ಲಾಪುರದ ಬಾಳೆಯಲ್ಲಿ ನೆಲೆಸಿರುವ ಖಂಡೋಬಾನಿಗೂ, ಕನ್ನಡಿಗರ ಮೈಲಾರಲಿಂಗನಿಗೂ ನಾಯಿಯೇ ಸಂಗಾತಿ. ಆದರೆ ಹೊಲ, ಕುರಿಹಟ್ಟಿ, ಅಂಗಳಗಳನ್ನು ಕಾಯುವ ಈ ಪ್ರಾಣಿಯ ಮೈ ತೊಳೆಯುವುದರಲ್ಲಿ ನಾವು ತಪ್ಪುವುದೇ ಹೆಚ್ಚು. ಕೆಲವರು ಎಂದೂ ತೊಳೆಯುವುದಿಲ್ಲ. ಕೆಲವರು ಬಟ್ಟೆಯ ಸೋಪಿನಿಂದ ವಾರವಾರವೂ ಉಜ್ಜುತ್ತಾರೆ. ಉಣ್ಣಿ ಕಂಡೊಡನೆ ದನದ ಔಷಧವನ್ನು ಅಂದಾಜಿನಲ್ಲಿ ಸುರಿಯುವುದಂತೂ ಪ್ರಾಣಕ್ಕೇ ಎರವಾಗಬಹುದು.

ಚರ್ಮದ ಸ್ವಭಾವ

ನಾಯಿಯ ಹೊರಚರ್ಮ ಮನುಷ್ಯನದಕ್ಕಿಂತ ತೆಳು. ಮನುಷ್ಯನ ಚರ್ಮ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5.5, ನಾಯಿಯದು 7ರ ಆಸುಪಾಸು. ಆದ್ದರಿಂದ ನಮಗಾಗಿ ತಯಾರಾದ ಶಾಂಪೂ ಅದಕ್ಕೆ ಹೊಂದುವುದಿಲ್ಲ. ಬಟ್ಟೆಯ ಸೋಪು ಇನ್ನೂ ಕ್ಷಾರೀಯವಾಗಿದ್ದು, ಕೂದಲ ಬುಡದ ಸಹಜ ಜಿಡ್ಡನ್ನು ತೊಳೆದುಹಾಕುತ್ತದೆ. ಆಗ ಚರ್ಮ ಒಣಗಿ ಹೊಟ್ಟೇಳುತ್ತದೆ. ತುರಿಕೆಯಿಂದ ಗಾಯವಾಗಿ ಸೋಂಕು ತಗಲುತ್ತದೆ. ಗಡಸು ನೀರಿನಲ್ಲಿ ಸೋಪಿನ ಗಸಿ ಮೈಗೆ ಅಂಟಿಕೊಳ್ಳುವುದರಿಂದ ಕೊಳವೆಬಾವಿಯ ನೀರು ಬಳಸುವವರು ಹೆಚ್ಚು ಹೊತ್ತು ತೊಳೆಯಬೇಕು.

ದಖ್ಖನ್ನಿನ ಮುಧೋಳ ನಾಯಿ ಮತ್ತು ಮಹಾರಾಷ್ಟ್ರದಲ್ಲಿ ಕಾರವಾನಿ ಎನಿಸಿಕೊಂಡ ಬೇಟೆನಾಯಿಗಳದು ಗಿಡ್ಡ ಕೂದಲು, ಕೊಬ್ಬಿಲ್ಲದ ಮೈ. ಗಟ್ಟಿ ನೆಲದ ಮೇಲೆ ಮಲಗಿದರೆ ಮೊಣಕೈ, ಸೊಂಟದ ಮೂಳೆಗಳ ಮೇಲೆ ಚರ್ಮ ದಡ್ಡುಗಟ್ಟುತ್ತದೆ, ಕೆಲವೊಮ್ಮೆ ಒಡೆಯುತ್ತದೆ. ಇವುಗಳಿಗೆ ಹಳೆಯ ಗೋಣಿ ಅಥವಾ ಕೌದಿಯ ಹಾಸು ಬೇಕು. ಕಿವಿ, ಬಾಲಗಳಲ್ಲಿ ಉದ್ದ ಕೂದಲಿರುವ ಪಶ್ಮಿ ನಾಯಿಗೆ ಆಗಾಗ್ಗೆ ಬಾಚುವುದು ಅವಶ್ಯ.

ಸ್ನಾನದ ಕ್ರಮ

ಆರೋಗ್ಯವಾಗಿರುವ, ಗಿಡ್ಡ ಕೂದಲಿನ ನಾಯಿಗೆ ನಾಲ್ಕರಿಂದ ಆರು ವಾರಕ್ಕೊಮ್ಮೆ ಸ್ನಾನ ಸಾಕು. ಕೆಸರು ಮೆತ್ತಿಕೊಂಡರೆ ಬರಿಯ ನೀರಿನಿಂದ ತೊಳೆದು ಒರೆಸಿದರಾಯಿತು.

1. ಮೊದಲು ಕೂದಲ ದಿಕ್ಕಿನಲ್ಲಿಯೇ ಬಾಚಿ ಉದುರುಗೂದಲು ತೆಗೆಯಿರಿ. ಆಗಲೇ ಉಣ್ಣಿ, ಗಾಯ, ಗಂಟುಗಳನ್ನು ನೋಡಿಕೊಳ್ಳಿರಿ.
2. ನೀರು ಉಗುರುಬೆಚ್ಚಗಿರಲಿ, ಮೊಣಕೈ ಅದ್ದಿ ಪರೀಕ್ಷಿಸಿರಿ. ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಕೊಳವೆಯ ಮೊದಲ ನೀರು ಮೈ ಸುಡುವಷ್ಟು ಕಾದಿರುತ್ತದೆ, ಅದನ್ನು ಹರಿಯಬಿಡಿರಿ.
3. ಕುತ್ತಿಗೆಯಿಂದ ಹಿಂದಕ್ಕೆ ನೀರು ಹಾಕಿರಿ. ಮುಖವನ್ನು ಒದ್ದೆ ಬಟ್ಟೆಯಿಂದಷ್ಟೇ ಒರೆಸಿರಿ. ಕಿವಿಯೊಳಗೆ ನೀರು ಹೋಗಕೂಡದು.
4. ನಾಯಿಗೆಂದೇ ಮಾಡಿದ ಶಾಂಪೂವನ್ನು ನೀರಿನಲ್ಲಿ ಕಲಸಿ ಕೈಯಿಂದ ಹಚ್ಚಿರಿ; ಒರಟು ಬ್ರಷ್ ಬೇಡ. ವೈದ್ಯರು ಕೊಟ್ಟ ಔಷಧೀಯ ಶಾಂಪೂವನ್ನು ಅವರು ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಹತ್ತು ನಿಮಿಷ, ಮೈಮೇಲೆ ಬಿಡಬೇಕು.
5. ನೊರೆ ಪೂರ್ತಿ ಹೋಗುವವರೆಗೆ ತೊಳೆದು, ಹತ್ತಿಬಟ್ಟೆಯಿಂದ ಒತ್ತಿ ಒರೆಸಿರಿ. ಬೆರಳ ಸಂದು, ಕಂಕುಳು, ಹೊಟ್ಟೆಯ ಮಡಿಕೆಗಳಲ್ಲಿ ತೇವ ಉಳಿಯಬಾರದು.

ಉಣ್ಣಿ ಮತ್ತು ಔಷಧ

ನಾಯಿಯ ಉಣ್ಣಿ ರಕ್ತ ಹೀರುವುದಷ್ಟೇ ಅಲ್ಲ, ಎರ್ಲಿಕಿಯೋಸಿಸ್ ಎಂಬ ಜ್ವರವನ್ನೂ ಹರಡುತ್ತದೆ. ಊಟ ಬಿಡುವುದು, ವಸಡು ಬಿಳಿಚುವುದು, ಮೂಗಿನಿಂದ ರಕ್ತ ಸೋರುವುದು ಅದರ ಲಕ್ಷಣಗಳು. ಉಣ್ಣಿಯನ್ನು ಚಿಮಟಿಗೆಯಿಂದ ಚರ್ಮದ ಬುಡದಲ್ಲಿ ಹಿಡಿದು ನೇರವಾಗಿ ಎಳೆಯಬೇಕು; ಬರಿಗೈಯಿಂದ ಹಿಸುಕಬಾರದು. ಸೀಮೆಎಣ್ಣೆ, ಫಿನಾಯಿಲ್, ಬೀಡಿಯ ಬೆಂಕಿ ಕೂಡದು. ಉಣ್ಣಿಗಳು ಗೋಡೆಯ ಬಿರುಕಿನಲ್ಲಿ ಮೊಟ್ಟೆಯಿಡುವುದರಿಂದ ನಾಯಿ ಮಲಗುವ ಜಾಗವನ್ನೂ ಶುಚಿಗೊಳಿಸಬೇಕು.

ದನಗಳಿಗೆ ಬಳಸುವ ಅಮಿಟ್ರಾಜ್, ಸೈಪರ್ಮೆಥ್ರಿನ್‌ನಂಥ ದ್ರವಗಳು ಬಹಳ ಸಾಂದ್ರವಾದವು. ಪ್ರಮಾಣ ತಪ್ಪಿದರೆ ನಾಯಿ ಜೊಲ್ಲು ಸುರಿಸುತ್ತದೆ, ನಡುಗುತ್ತದೆ, ಸಾಯಲೂಬಹುದು. ವೈದ್ಯರ ಮಾತಿಲ್ಲದೆ ಇವನ್ನು ನಾಯಿಗೆ, ವಿಶೇಷವಾಗಿ ಮರಿಗಳಿಗೆ ಮತ್ತು ಗಬ್ಬದ ನಾಯಿಗೆ, ಹಚ್ಚಬಾರದು.

ಭಾಷೆಯ ತೊಡಕು

ಈ ತಪ್ಪಿಗೆ ಅಜ್ಞಾನವೊಂದೇ ಕಾರಣವಲ್ಲ. ಸೀಸೆಯ ಮೇಲಿನ ಸೂಚನೆ ಹೆಚ್ಚಾಗಿ ಇಂಗ್ಲಿಷ್, ಹಿಂದಿಯಲ್ಲಿ. ದವಾಖಾನೆಯ ಮಾತು ಮರಾಠಿಯಲ್ಲಿ. ಕನ್ನಡವನ್ನಷ್ಟೇ ಓದಬಲ್ಲ ಹಿರಿಯರಿಗೆ ಇವೆರಡೂ ಎಟುಕುವುದಿಲ್ಲ. ಆದ್ದರಿಂದ ವೈದ್ಯರೊಡನೆ ಮಾತನಾಡುವಾಗ ಈ ಮರಾಠಿ ಪದಗಳು ನೆನಪಿರಲಿ: ಉಣ್ಣಿಗೆ ಗೋಚೀಡ, ಚಿಗಟಕ್ಕೆ ಪಿಸೂ, ತುರಿಕೆಗೆ ಖಾಜ, ಕಜ್ಜಿಗೆ ಖರೂಜ, ಗಾಯಕ್ಕೆ ಜಖಮ. ಹುಳುಕಡ್ಡಿಗೆ ಗಜಕರ್ಣವೆಂದರೆ ಸಾಕು. ಕಜ್ಜಿ, ಗಜಕರ್ಣಗಳು ಮನೆಯ ಮಕ್ಕಳಿಗೂ ಅಂಟಬಲ್ಲವು, ಇವನ್ನು ಮುಚ್ಚಿಡಬಾರದು.

ಎಷ್ಟು ಔಷಧಕ್ಕೆ ಎಷ್ಟು ನೀರು, ಎಷ್ಟು ದಿನಕ್ಕೊಮ್ಮೆ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ದವಾಖಾನೆಯಿಂದ ಹೊರಡಬೇಡಿರಿ. ಉತ್ತರವನ್ನು ಕನ್ನಡ ಶಾಲೆಗೆ ಹೋಗುವ ಮಗುವಿನಿಂದ ದಪ್ಪ ಅಕ್ಷರಗಳಲ್ಲಿ ಬರೆಸಿ ಸೀಸೆಗೆ ಅಂಟಿಸಿರಿ. ಮನೆಯ ಕಾವಲುಗಾರನ ಜೀವ ಉಳಿಸಲು ಆ ಎರಡು ಸಾಲು ಸಾಕಾಗಬಹುದು.