ನಿದ್ರಿಸಲು ಕಲಿತ ತಂತ್ರಾಂಶ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ಗಣಕಯಂತ್ರದ ವೃತ್ತಿಯಲ್ಲಿದ್ದಾರೆ. ಅವರ ಕೆಲಸದ ಕುರಿತು ವಿಚಾರಿಸಿದರೆ "ಬಿಡಿ ಸಾರ್, ಅದು ನಿಮಗೆ ಬೇಸರವಾದೀತು" ಎಂದು ಮಾತು ತಿರುಗಿಸುತ್ತಾರೆ. ಇತಿಹಾಸ ಬೋಧಿಸಿದವನಿಗೆ ಯಾವ ಇತಿಹಾಸವೂ ಬೇಸರವಲ್ಲ. ಆದ್ದರಿಂದ ಈ ಬಾರಿ ರಾಜಮಹಾರಾಜರನ್ನು ಬದಿಗಿಟ್ಟು, ಒಂದು ತಂತ್ರಾಂಶವು ನಿದ್ರಿಸಲು ಕಲಿತ ಕಥೆಯನ್ನು ಬರೆಯುತ್ತಿದ್ದೇನೆ.

ಆ ತಂತ್ರಾಂಶದ ಹೆಸರು ಪೋಸ್ಟ್‌ಗ್ರೆಸ್‌ಕ್ಯೂಎಲ್. ಮಾಹಿತಿಯನ್ನು ಕೂಡಿಡುವ ಡೇಟಾಬೇಸ್ ಇದು. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ 1986ರಲ್ಲಿ ಆರಂಭವಾದ ಯೋಜನೆಯೊಂದು ಇದರ ಮೂಲ. 1996ರಲ್ಲಿ ಈಗಿನ ಹೆಸರು ಬಂದಿತು. ನಾವು ಕೇಳಿದ ಪ್ರಶ್ನೆಗೆ ಉತ್ತರ ಕೊಡುವ ಪ್ರಕ್ರಿಯೆಗಳಲ್ಲದೆ, ತೆರೆಯ ಹಿಂದೆ ದುಡಿಯುವ ಪ್ರಕ್ರಿಯೆಗಳೂ ಇದರಲ್ಲಿವೆ. ಅವುಗಳಲ್ಲಿ ಒಂದು, 2005ರಲ್ಲಿ ಹೊರಬಂದ 8.0 ಆವೃತ್ತಿಯಲ್ಲಿ ಸೇರಿದ 'ಬ್ಯಾಕ್‌ಗ್ರೌಂಡ್ ರೈಟರ್'. ಸ್ಮೃತಿಯಲ್ಲಿ ಬದಲಾದ ಪುಟಗಳನ್ನು ಸ್ವಲ್ಪಸ್ವಲ್ಪವಾಗಿ ಡಿಸ್ಕಿಗೆ ಬರೆಯುವುದು ಇದರ ಕಾಯಕ.

ಈ ಬರಹಗಾರ 200 ಮಿಲಿಸೆಕೆಂಡಿಗೊಮ್ಮೆ ಕಣ್ಣು ತೆರೆದು "ಕೆಲಸವುಂಟೇ?" ಎಂದು ನೋಡಿ ಮತ್ತೆ ಮಲಗುತ್ತಿದ್ದ. ಸೆಕೆಂಡಿಗೆ 5 ಬಾರಿ. ದಿನಕ್ಕೆ 4,32,000 ಬಾರಿ. ಡೇಟಾಬೇಸನ್ನು ಇಡೀ ದಿನ ಯಾರೂ ಮುಟ್ಟದಿದ್ದರೂ ಈ ಲೆಕ್ಕ ತಪ್ಪುತ್ತಿರಲಿಲ್ಲ. ಲಾಗ್ ಬರೆಯುವ ಪ್ರಕ್ರಿಯೆಯದೂ ಇದೇ ಕೋಳಿನಿದ್ದೆ.

ಬಹುಕಾಲ ಇದು ಯಾರನ್ನೂ ಬಾಧಿಸಲಿಲ್ಲ. ಕಾರಣ ಸರಳ: ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯೇ ಆಗ ಸೆಕೆಂಡಿಗೆ ನೂರರಿಂದ ಸಾವಿರ ಬಾರಿ ಪ್ರೊಸೆಸರನ್ನು ತಟ್ಟಿ ಎಬ್ಬಿಸುತ್ತಿತ್ತು. ಸಂತೆಯ ಗದ್ದಲದಲ್ಲಿ ಒಬ್ಬನ ಕೆಮ್ಮು ಯಾರಿಗೆ ಕೇಳೀತು? 2007ರಲ್ಲಿ ಬಂದ ಲಿನಕ್ಸ್ 2.6.21 ಆವೃತ್ತಿಯು ಕೆಲಸವಿಲ್ಲದಾಗ ಈ ಮಿಡಿತವನ್ನು ನಿಲ್ಲಿಸುವ ಅನುಕೂಲವನ್ನು ತಂದಿತು. ಅದೇ ವರ್ಷ ಇಂಟೆಲ್ ಸಂಸ್ಥೆಯು 'ಪವರ್‌ಟಾಪ್' ಎಂಬ ಸಾಧನವನ್ನು ಹೊರತಂದು, ಯಾವ ತಂತ್ರಾಂಶ ಎಷ್ಟು ಬಾರಿ ಪ್ರೊಸೆಸರನ್ನು ಎಬ್ಬಿಸುತ್ತಿದೆಯೆಂಬುದನ್ನು ಬಯಲಿಗಿಟ್ಟಿತು. ಪ್ರೊಸೆಸರ್ ದೀರ್ಘಕಾಲ ಗಾಢನಿದ್ರೆಯಲ್ಲಿದ್ದರೆ ಮಾತ್ರ ವಿದ್ಯುತ್ತು ಉಳಿಯುತ್ತದೆ. ಪದೇಪದೇ ಎಬ್ಬಿಸಿದರೆ ಆ ಆಳಕ್ಕೆ ಅದು ಇಳಿಯುವುದೇ ಇಲ್ಲ.

ಹಾಗಾದರೆ ನಿದ್ರೆಯ ಅವಧಿಯನ್ನು ಹೆಚ್ಚಿಸಿದರೆ ಸಾಲದೆ? ಸಾಲದು. ಶಾಲೆಯ ಜವಾನನೊಬ್ಬ ಮುಖ್ಯೋಪಾಧ್ಯಾಯರ ಕೋಣೆಯತ್ತ ಇಣುಕಿ, ಕೆಲಸವಿಲ್ಲವೆಂದು ಅರಿತು ಮಲಗಲು ಹೊರಟನೆನ್ನಿ. ಇಣುಕಿದ್ದಕ್ಕೂ ಮಲಗಿದ್ದಕ್ಕೂ ನಡುವಿನ ಕ್ಷಣದಲ್ಲಿ ಗಂಟೆ ಬಾರಿಸಿದರೆ? ಕರೆ ಗಾಳಿಗೆ ಹೋಯಿತು. ಅವನು ನೆಮ್ಮದಿಯಾಗಿ ಮಲಗಿದ. ಇದೇ ಕಳೆದುಹೋದ ಕರೆ. ಆ ಭಯದಿಂದಲೇ ಪ್ರಕ್ರಿಯೆಗಳು ಆಗಾಗ ಎದ್ದು ನೋಡುತ್ತಿದ್ದುದು.

ಪರಿಹಾರ 2011ರ 9.1 ಆವೃತ್ತಿಯಲ್ಲಿ ಬಂದಿತು. ಹೈಕಿ ಲಿನ್ನಕಂಗಾಸ್ ಅವರು ರೂಪಿಸಿದ ಅದರ ಹೆಸರು 'ಲ್ಯಾಚ್'. ಗಂಟೆಯ ಬದಲು ಹಲಗೆಯ ಮೇಲೆ ಗುರುತು ಹಾಕಿದಂತೆ ಇದು. ಗಂಟೆಯ ಸದ್ದು ಅಡಗುತ್ತದೆ, ಗುರುತು ಉಳಿಯುತ್ತದೆ. ಮಲಗುವ ಮುನ್ನ ಗುರುತು ಬಿದ್ದಿದ್ದರೆ ನಿದ್ರೆಯೇ ಬರುವುದಿಲ್ಲ. ಆದರೆ ಕ್ರಮ ತಪ್ಪಬಾರದು: ಮೊದಲು ಗುರುತನ್ನು ಅಳಿಸಬೇಕು, ಬಳಿಕ ಕೆಲಸವನ್ನು ಹುಡುಕಬೇಕು, ಕೊನೆಗೆ ಮಲಗಬೇಕು. ಮೊದಲು ಹುಡುಕಿ ಆಮೇಲೆ ಅಳಿಸಿದರೆ, ನಡುವೆ ಬಿದ್ದ ಹೊಸ ಗುರುತೂ ಅಳಿಸಿಹೋಗುತ್ತದೆ.

ಈ ಅಡಿಪಾಯದ ಮೇಲೆ 2012ರ 9.2 ಆವೃತ್ತಿಯಲ್ಲಿ ಪೀಟರ್ ಗೇಗನ್, ಟಾಮ್ ಲೇನ್ ಮೊದಲಾದವರು ದೀರ್ಘನಿದ್ರೆಯ ಏರ್ಪಾಡು ಮಾಡಿದರು. ಕೆಲಸವಿಲ್ಲದಾಗ ಬ್ಯಾಕ್‌ಗ್ರೌಂಡ್ ರೈಟರ್ 10 ಸೆಕೆಂಡು ಮಲಗುತ್ತದೆ. ದಿನಕ್ಕೆ 8,640 ಎಚ್ಚರ, ಹಿಂದಿನದರ ಐವತ್ತನೆಯ ಒಂದು ಭಾಗ. ಯಾರಾದರೂ ಸ್ಮೃತಿಯ ಪುಟ ಬಯಸಿದೊಡನೆ ಅವರೇ ಅದನ್ನು ಎಬ್ಬಿಸುತ್ತಾರೆ.

ಇಲ್ಲಿ ನನಗೆ ಬಹಳ ಮೆಚ್ಚುಗೆಯಾದ ಸಂಗತಿಯೊಂದಿದೆ. ಈ ಏರ್ಪಾಡಿನಲ್ಲಿಯೂ ಕರೆ ತಪ್ಪುವ ಸಣ್ಣ ಸಂದು ಉಳಿದಿದೆಯೆಂದು ಅದನ್ನು ಬರೆದವರು ಬಲ್ಲರು. ಆದಕಾರಣ ಸತತ ಎರಡು ಸುತ್ತು ಕೆಲಸವಿಲ್ಲವೆಂದು ಖಚಿತವಾದ ಮೇಲೆಯೇ ದೀರ್ಘನಿದ್ರೆ, ಅದೂ ಅನಂತವಲ್ಲ. ಇದನ್ನು ಅವರು ಮುಚ್ಚಿಡದೆ ಕೋಡಿನ ಟಿಪ್ಪಣಿಯಲ್ಲಿಯೇ ಬರೆದಿಟ್ಟಿದ್ದಾರೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಖ್ಯ ಯಂತ್ರದ ಪ್ರತಿಯನ್ನು ಕಾಯ್ದಿರಿಸುವ ಯಂತ್ರದಲ್ಲಿ, ಬಡ್ತಿಯನ್ನು ಸೂಚಿಸುವ ಕಡತ ಬಂದಿದೆಯೇ ಎಂದು 5 ಸೆಕೆಂಡಿಗೊಮ್ಮೆ ಎದ್ದು ನೋಡುವ ಪದ್ಧತಿಯಿತ್ತು. ನೇರ ಆಜ್ಞೆಯ ಮಾರ್ಗ ಇರುವಾಗ ಅದು ಬೇಡವೆಂದು 2023ರ 16ನೆಯ ಆವೃತ್ತಿಯಲ್ಲಿ ಆ ಕಡತದ ಸೌಲಭ್ಯವನ್ನೇ ತೆಗೆದುಹಾಕಿದರು.

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ಹೊಣೆ ಹೊತ್ತವನಿಗೆ ಹಾಗಾಗದು. ಎಬ್ಬಿಸುವವರ ಮೇಲೆ ನಂಬಿಕೆಯಿದ್ದರೆ ಮಾತ್ರ ಅವನಿಗೆ ನಿದ್ದೆ. ಪ್ರಿಯ ವಿದ್ಯಾರ್ಥಿಗಳೇ, ನಡುರಾತ್ರಿ ಫೋನಿನ ಕರೆಗೆ ಎದ್ದು ಕೂರುವ ನಿಮ್ಮಲ್ಲಿ ಹಲವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.