ಬೇರೆ ಸೂರ್ಯರ ಗ್ರಹಗಳು

ನಮ್ಮ ಸೂರ್ಯನಿಗಿರುವಂತೆ ಇತರ ನಕ್ಷತ್ರಗಳಿಗೂ ಗ್ರಹಪರಿವಾರವಿರಬಹುದೆಂಬ ಊಹೆಯು ಬಹು ಹಳೆಯದು. ಅದನ್ನು ಅಳತೆಯಿಂದ ಸಾಧಿಸಹೊರಟ ಮೊದಲಿಗರಲ್ಲಿ ಒಬ್ಬರು ಕೆಲಸಮಾಡಿದುದು ನಮಗೆ ಸಮೀಪದ ಮದರಾಸಿನಲ್ಲಿಯೇ. ಅಲ್ಲಿಯ ವೀಕ್ಷಣಾಲಯದ ಅಧಿಪತಿಗಳಾಗಿದ್ದ ಕ್ಯಾಪ್ಟನ್ ಜೇಕಬ್ ಎಂಬವರು 1855ರಲ್ಲಿ, ಉರಗಧರ ಪುಂಜದ ಒಂದು ಅವಳಿ ನಕ್ಷತ್ರದ ಚಲನೆಯಲ್ಲಿ ಕಂಡ ತೊಡಕಿಗೆ ಅಗೋಚರವಾದ ಗ್ರಹದ ಸೆಳೆತವೇ ಕಾರಣವಾಗಿರಬೇಕೆಂದು ಬರೆದರು. ಆ ಗ್ರಹವು ಮುಂದಿನ ಪರೀಕ್ಷೆಯಲ್ಲಿ ನಿಲ್ಲಲಿಲ್ಲ, ಉಪಾಯವು ಉಳಿಯಿತು. ಗ್ರಹದ ಸೆಳೆತದಿಂದ ನಕ್ಷತ್ರವೂ ಕಿಂಚಿತ್ತು ಓಲಾಡಲೇಬೇಕು. ಆ ಓಲಾಟವನ್ನು ಅಳೆದರೆ ಸಾಕು, ಗ್ರಹವನ್ನು ಕಣ್ಣಿಂದ ಕಾಣಬೇಕಾಗಿಲ್ಲ.

ಆದರೆ ಓಲಾಡುವವರು ಯಾರು? ಅಮೆರಿಕದ ಸ್ಪ್ರೌಲ್ ವೀಕ್ಷಣಾಲಯದಲ್ಲಿ ಪೀಟರ್ ವಾನ್ ಡೆ ಕಾಂಪ್ ಅವರು ಬಾರ್ನಾರ್ಡನ ನಕ್ಷತ್ರವನ್ನು 1938ರಿಂದ ಬಿಡದೆ ಅಳೆದರು. ಇದೂ ಉರಗಧರ ಪುಂಜದ್ದೇ. ನಮಗೆ 6 ಜ್ಯೋತಿರ್ವರ್ಷಗಳಷ್ಟೇ ದೂರ. ಗುರುಗ್ರಹಕ್ಕಿಂತ ಭಾರವಾದ ಗ್ರಹವೊಂದು 24 ವರ್ಷಗಳಿಗೊಮ್ಮೆ ಅದನ್ನು ಸುತ್ತುತ್ತದೆಂದು 1963ರಲ್ಲಿ ಸಾರಿದರು. ಪಠ್ಯಪುಸ್ತಕಗಳು ಒಪ್ಪಿದುವು. 1973ರಲ್ಲಿ ಬೇರೆ ವೀಕ್ಷಣಾಲಯಗಳ ಛಾಯಾಪಟಗಳನ್ನು ಅಳೆದಾಗ ಓಲಾಟವೇ ಕಾಣಲಿಲ್ಲ. ಸ್ಪ್ರೌಲಿನ ಪಟಗಳಲ್ಲಾದರೋ ಇತರ ನಕ್ಷತ್ರಗಳೂ ಅದೇ ಕಾಲಗಳಲ್ಲಿ ಪಕ್ಕಕ್ಕೆ ಸರಿದಂತಿದ್ದುವು! ಅವು 1949 ಮತ್ತು 1957ರಲ್ಲಿ ದೂರದರ್ಶಕದ ಮಸೂರವನ್ನು ಸರಿಪಡಿಸಿದ ಕಾಲಗಳು. ಆ ವೃದ್ಧರು ಇದನ್ನು ಕಡೆಯವರೆಗೂ ಒಪ್ಪಲಿಲ್ಲ. ಮೂವತ್ತೈದು ವರ್ಷಗಳ ದುಡಿಮೆಯನ್ನು ಬಿಟ್ಟುಕೊಡುವುದು ಸುಲಭವೆನ್ನುವವರು ಅಂತಹ ದುಡಿಮೆಯನ್ನು ಮಾಡಿರಲಾರರು.

ಇಂಗ್ಲೆಂಡಿನ ಆಂಡ್ರೂ ಲೈನ್ ಅವರ ಮಾರ್ಗವು ಬೇರೆ. 1991ರಲ್ಲಿ ಮಿಡಿಯುವ ನಕ್ಷತ್ರವೊಂದಕ್ಕೆ, ಆರು ತಿಂಗಳಿಗೊಂದು ಸುತ್ತು ಬರುವ ಗ್ರಹವಿದೆಯೆಂದು ಅವರ ತಂಡವು ಪ್ರಕಟಿಸಿತ್ತು. ಭೂಮಿಯ ಕಕ್ಷೆಯು ಪೂರ್ಣವೃತ್ತವಲ್ಲವೆಂಬ ಅಂಶವು ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲವೆಂದು ತಿಳಿದೊಡನೆ, 1992ರ ಜನವರಿಯಲ್ಲಿ ತುಂಬಿದ ಸಭೆಯ ಮುಂದೆ ನಿಂತು ಹಾಗೆಂದೇ ಹೇಳಿದರು. ಸಭೆಯು ಕರತಾಡನ ಮಾಡಿತು. ಅದೇ ತಿಂಗಳು ವೊಲ್ಶ್‌ಚಾನ್ ಮತ್ತು ಫ್ರೇಲ್ ಎಂಬವರು ಮತ್ತೊಂದು ಮಿಡಿಯುವ ನಕ್ಷತ್ರಕ್ಕೆ ಎರಡು ಗ್ರಹಗಳಿವೆಯೆಂದು ಪ್ರಕಟಿಸಿದರು, ಅವು ನಿಂತುವು. ನಮ್ಮ ಸೂರ್ಯನಂತಹ ನಕ್ಷತ್ರಕ್ಕೆ ಗ್ರಹವು ದೊರೆತುದು 1995ರ ಅಕ್ಟೋಬರಿನಲ್ಲಿ: ಮೇಯರ್ ಮತ್ತು ಕೆಲೋಜ್ ಅವರು ಕಂಡ ಆ ಗ್ರಹವು 4.2 ದಿನಗಳಿಗೊಮ್ಮೆ ತನ್ನ ಸೂರ್ಯನನ್ನು ಸುತ್ತುತ್ತದೆ. ವಾನ್ ಡೆ ಕಾಂಪ್ ಅವರು ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡಿದ್ದರು.

ಬಾರ್ನಾರ್ಡನ ನಕ್ಷತ್ರಕ್ಕೂ ಗ್ರಹಗಳು ಸಿಕ್ಕಿವೆ. 2024ರಲ್ಲಿ ಒಂದು, 2025ರ ಹೊತ್ತಿಗೆ ಒಟ್ಟು ನಾಲ್ಕು. ಎಲ್ಲವೂ ಭೂಮಿಗಿಂತ ಹಗುರ, ಒಂದೊಂದೂ ವಾರದೊಳಗೆ ಸುತ್ತು ಮುಗಿಸತಕ್ಕವು. 24 ವರ್ಷಗಳ ಆ ದೊಡ್ಡ ಗ್ರಹವು ಅವುಗಳಲ್ಲಿಲ್ಲ.